‘ನಿಮಗಿದು ಗೊತ್ತೆ?’ ಮೂಲೆಯ ಬಗ್ಗೆ ಒಂದು ಪಾಠ

ನಮ್ಮ ಕನ್ನಡ ಸಂಘದ ಫಲಕವನ್ನು ನೀವೆಲ್ಲ ಬಲ್ಲಿರಿ. ಗ್ರಂಥಾಲಯಕ್ಕೆ ಹತ್ತುವ ಮೆಟ್ಟಿಲ ಬದಿಯಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕ, ಬಿಸಿಲಿಗೆ ಅರ್ಧ ಮಾಸಿದ ಹಸಿರು ಬಟ್ಟೆಯ ಹಲಗೆ. ಅದರ ಎಡ ಮೂಲೆಯಲ್ಲಿ ‘ನಿಮಗಿದು ಗೊತ್ತೆ?’ ಅಂತ ಒಂದು ಅಂಕಣ. ವಾರಕ್ಕೊಂದು ಸೋಜಿಗದ ಸಂಗತಿ. ಕವಿತೆ, ಕತೆ, ಸಭೆಯ ಸೂಚನೆ ಎಲ್ಲವನ್ನೂ ದಾಟಿಕೊಂಡು ಹುಡುಗರು ಮೊದಲು ಓದುವುದು ಆ ಮೂಲೆಯನ್ನೇ. ಫಲಕದ ಸಂಪಾದಕರಿಗೆ ಇದರಿಂದ ಕೊಂಚ ಬೇಸರವೂ ಉಂಟು, ಅವರ ಚುಟುಕಗಳನ್ನು ಯಾರೂ ಓದುವುದಿಲ್ಲವೆಂದು. ನನಗೆ ಬೇಸರವಿಲ್ಲ. ಯಾಕೆಂದರೆ ಆ ಮೂಲೆಯನ್ನು ಬಹಳ ಕಾಲ ಬರೆದವನು ನಾನೇ.

ಆ ಮೂಲೆಯಿಂದಾದ ಒಂದು ಪ್ರಮಾದವನ್ನು ಈಗ ಒಪ್ಪಿಕೊಳ್ಳಬೇಕಾಗಿದೆ.

ಒಂದು ಸೋಮವಾರ ನಾನು ಬರೆದದ್ದು ಇಷ್ಟು: “ಬಲೂನಿನಲ್ಲಿ ತುಂಬುವ ಹೀಲಿಯಂ ಅನಿಲವನ್ನು ಮೊದಲು ಕಂಡುಹಿಡಿದದ್ದು ನಮ್ಮ ಕೊಂಕಣದ ವಿಜಯದುರ್ಗ ಕೋಟೆಯ ಮೇಲಿಂದ! 1868ರ ಆಗಸ್ಟ್ 18ರ ಸೂರ್ಯಗ್ರಹಣದಂದು ಇಂಗ್ಲಿಷ್ ವಿಜ್ಞಾನಿ ನಾರ್ಮನ್ ಲಾಕಿಯರ್ ಅಲ್ಲಿ ನಿಂತು ಸೂರ್ಯನಲ್ಲಿ ಹೀಲಿಯಂ ಕಂಡ.” ಎಷ್ಟು ಚೆನ್ನಾಗಿದೆ ನೋಡಿ. ಸಮುದ್ರ ಉಂಟು, ಕೋಟೆ ಉಂಟು, ಗ್ರಹಣ ಉಂಟು, ಮುಂಬಯಿಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಾಗ ಮುಟ್ಟಬಹುದಾದ ಜಾಗ. ಬರೆದು ಎರಡು ಹೆಜ್ಜೆ ಹಿಂದೆ ಸರಿದು ನಾನೇ ಓದಿ ಸಂತೋಷಪಟ್ಟೆ.

ಮುಂದಿನ ತಿಂಗಳು ಅಂತರಕಾಲೇಜು ರಸಪ್ರಶ್ನೆ ಸ್ಪರ್ಧೆ. ನಮ್ಮ ತಂಡ ಕೊನೆಯ ಸುತ್ತಿಗೆ ಬಂದಿತ್ತು. ಪ್ರಶ್ನೆ ಬಂತು: 1868ರಲ್ಲಿ ಲಾಕಿಯರ್ ಸೂರ್ಯನ ಹಳದಿ ಗೆರೆಯನ್ನು ಯಾವ ದೇಶದಿಂದ ಗಮನಿಸಿದ? ನಮ್ಮ ಎರಡನೆಯ ವರ್ಷದ ಹುಡುಗ ಗುಂಡಿ ಒತ್ತಿ ಎದ್ದು ನಿಂತು, ಭಾರತ, ವಿಜಯದುರ್ಗ ಎಂದ. ಅಷ್ಟು ಧೈರ್ಯದಿಂದ ಅವನು ಆ ದಿನ ಬೇರೆ ಯಾವ ಉತ್ತರವನ್ನೂ ಹೇಳಿರಲಿಲ್ಲ. ತಪ್ಪು ಎಂದರು. ಇಂಗ್ಲೆಂಡ್ ಎಂದು ಪಕ್ಕದ ತಂಡ ಹೇಳಿತು. ಅದೇ ಅಂಕದಿಂದ ಕಪ್ಪು ಅವರ ಪಾಲಾಯಿತು.

ಹುಡುಗ ನನ್ನ ಮೇಲೆ ಸಿಟ್ಟಾಗಲಿಲ್ಲ. ಲೋಕಲ್ ಟ್ರೇನಿನಲ್ಲಿ ಬರುವಾಗ ಮೆಲ್ಲಗೆ ಕೇಳಿದ: “ಸರ್, ಅದನ್ನ ನೀವು ಎಲ್ಲಿ ಓದಿದ್ರಿ?”

ಎಲ್ಲಿ ಓದಿದ್ದೆ? ಯಾರೋ ಹೇಳಿದ್ದರು. ಯಾವುದೋ ಪುರವಣಿಯಲ್ಲಿ ಕಂಡ ನೆನಪು. ಕೋಟೆ ನೋಡಲು ಹೋದಾಗ ಯಾರೋ ತೋರಿಸಿದ್ದಿರಬೇಕು. ಉತ್ತರ ನನ್ನಲ್ಲಿ ಇರಲಿಲ್ಲ. ಈ ಪಾಠ ಹುಟ್ಟಿದ್ದು ಅಲ್ಲಿ, ಕುರ್ಲಾ ದಾಟಿದ ಮೇಲೆ.

ಸೋಜಿಗದ ಸಂಗತಿಗಳೆಲ್ಲ ಒಂದೇ ಜಾತಿಯವಲ್ಲ, ಇದು ಮೊದಲು ತಿಳಿಯಬೇಕಾದದ್ದು. ಕೆಲವನ್ನು ನಾವೇ ಕೂತು ಪರೀಕ್ಷಿಸಬಹುದು. ಉದಾಹರಣೆಗೆ ನೀವೆಲ್ಲ ಕೇಳಿದ ಮಾತು: ಚಂದ್ರನ ಮೇಲೆ ನಿಂತರೆ ಭೂಮಿಯ ಮೇಲೆ ಕಾಣುವ ಮನುಷ್ಯನ ಕೈಕೆಲಸ ಚೀನಾದ ಮಹಾಗೋಡೆಯೊಂದೇ. ನಾನು ಹೈಸ್ಕೂಲಿನಲ್ಲಿ ಇದನ್ನು ಬರೆದು ಅಂಕ ಪಡೆದಿದ್ದೇನೆ! ಈಗ ಲೆಕ್ಕ ಮಾಡಿ. ಗೋಡೆಯ ಅಗಲ ಸುಮಾರು 6 ಮೀಟರ್ ಎಂದಿಟ್ಟುಕೊಳ್ಳಿ. ಚಂದ್ರನಿಗೆ ಸರಾಸರಿ ದೂರ 3,84,000 ಕಿಲೋಮೀಟರ್. ಆ 6 ಮೀಟರನ್ನು ಒಂದು ತಲೆಗೂದಲಿನ ದಪ್ಪಕ್ಕೆ ಕುಗ್ಗಿಸಿದರೆ, ಅದೇ ಪ್ರಮಾಣದಲ್ಲಿ ಚಂದ್ರನ ದೂರ ಮೂರು ನಾಲ್ಕು ಕಿಲೋಮೀಟರಿಗೆ ಇಳಿಯುತ್ತದೆ. ಅಂದರೆ ದಾದರ್ ಸ್ಟೇಶನ್ನಿನಲ್ಲಿ ನಿಂತು ಸಾಯನ್ ಸ್ಟೇಶನ್ನಿನಲ್ಲಿ ಬಿದ್ದ ಒಂದು ಕೂದಲನ್ನು ನೋಡಿದ ಹಾಗೆ. ಗೋಡೆ ಸಾವಿರಾರು ಮೈಲು ಉದ್ದ ಇದೆಯಲ್ಲ ಎಂದು ಯಾರಾದರೂ ವಾದಿಸಿಯಾರು. ಕೂದಲೂ ಸಾಯನ್‌ನಿಂದ ಮುಲುಂಡಿನವರೆಗೆ ಉದ್ದ ಇರಲಿ ಬಿಡಿ, ದಪ್ಪ ಕಣ್ಣಿಗೆ ಸಿಗದ ಮೇಲೆ ಉದ್ದ ಏನು ಮಾಡೀತು?

ಅದಕ್ಕಿಂತ ದೊಡ್ಡ ಸ್ವಾರಸ್ಯ ಬೇರೆ ಇದೆ. ಈ ಮಾತು 1932ರಲ್ಲಿಯೇ ಅಮೆರಿಕದ ರಿಪ್ಲಿಯ ‘ನಂಬಿದರೆ ನಂಬಿ’ ಚಿತ್ರಗಳಲ್ಲಿ ಅಚ್ಚಾಗಿತ್ತು. ಮನುಷ್ಯ ಬಾಹ್ಯಾಕಾಶಕ್ಕೆ ಮೊದಲು ಹೋದದ್ದು 1961ರಲ್ಲಿ, ಚಂದ್ರನ ಮೇಲೆ ಇಳಿದದ್ದು 1969ರಲ್ಲಿ. ಹಾಗಾದರೆ 1932ರಲ್ಲಿ ಚಂದ್ರನಿಂದ ನೋಡಿ ಬಂದು ಹೇಳಿದವರು ಯಾರು? ಆ ಪ್ರಶ್ನೆಯನ್ನು ಕೇಳದೆ ಎರಡು ತಲೆಮಾರು ಅಂಕ ಪಡೆಯಿತು. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ ಚಂದ್ರನವರೆಗೆ ಹೋಗಲಿಲ್ಲ, ನೆಲದಿಂದ ಕೆಲವು ನೂರು ಕಿಲೋಮೀಟರ್ ಮೇಲಷ್ಟೇ ಸುತ್ತಿದ. ಅಲ್ಲಿಂದಲೂ ಗೋಡೆ ತನಗೆ ಕಾಣಲಿಲ್ಲ ಎಂದು ಇಳಿದು ಬಂದು ಹೇಳಿದ. ತನ್ನ ದೇಶದ ಗೋಡೆಯ ಬಗ್ಗೆ ಹಾಗೆ ಹೇಳಲು ಎದೆಗಾರಿಕೆ ಬೇಕು.

ಇನ್ನೊಂದನ್ನು ತರಗತಿಯಲ್ಲೇ ಮಾಡಿ ನೋಡಬಹುದು. ಒಂದು ಕೋಣೆಯಲ್ಲಿ 23 ಜನ ಇದ್ದರೆ, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚು. ವರ್ಷಕ್ಕೆ 365 ದಿನ, ಜನ ಬರೇ 23. ಹೇಗೆ ಸಾಧ್ಯ? ನಾವು ತಪ್ಪುವುದು ಎಲ್ಲಿ ಅಂದರೆ, ‘ನನ್ನ’ ದಿನಕ್ಕೆ ಇನ್ನೊಬ್ಬರದು ಕೂಡಿಬರುತ್ತದೆಯೇ ಎಂದು ಯೋಚಿಸುತ್ತೇವೆ. ಆದರೆ ಪ್ರಶ್ನೆ ಯಾರಾದರೂ ಇಬ್ಬರದು. 23 ಜನರಲ್ಲಿ ಜೋಡಿಗಳು 253. ಎಲ್ಲರದೂ ಬೇರೆ ಬೇರೆ ದಿನವಾಗಿರುವ ಸಂಭವ ಬೇಕಾದರೆ 364/365, 363/365 ಹೀಗೆ 343/365ರವರೆಗೆ ಗುಣಿಸುತ್ತ ಹೋಗಿ. ನೂರಕ್ಕೆ 49 ಚಿಲ್ಲರೆ ಬರುತ್ತದೆ. 40 ಜನರಿದ್ದರೆ ಜೋಡಿ ಸಿಗುವ ಸಂಭವ ನೂರಕ್ಕೆ 89ರಷ್ಟು. ನನ್ನ ತರಗತಿಯಲ್ಲಿ ಒಂದು ಮಳೆ ದಿನ ಪಾಠ ನಿಲ್ಲಿಸಿ ಕೇಳಿದೆ, ಎರಡು ಜೋಡಿ ಸಿಕ್ಕಿತು. ಅದರಲ್ಲಿ ಒಂದು ಜೋಡಿ ಮೂರು ವರ್ಷದಿಂದ ಒಂದೇ ಬೆಂಚಿನಲ್ಲಿ ಕೂತಿದ್ದರೂ ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲ. ಹೀಗೆ ಪರೀಕ್ಷೆ ಮಾಡಲು ಬರುವ ಸಂಗತಿಗೆ ಸಾಕ್ಷಿ ಬೇಡ. ಪೆನ್ಸಿಲು ಸಾಕು.

ಎರಡನೆಯ ಜಾತಿಯ ಸೋಜಿಗಗಳು ನಮ್ಮ ಬಾಯಲ್ಲೇ ಇರುತ್ತವೆ. ಎರಡರ್ಥದಲ್ಲಿ ಹೇಳುತ್ತಿದ್ದೇನೆ, ತಿನ್ನುವುದರಲ್ಲಿ ಮತ್ತು ಆಡುವುದರಲ್ಲಿ. ಮುಂಬಯಿಯ ಮನೆಗಳಲ್ಲಿ ಏಕಾದಶಿ ಬಂದರೆ ಸಾಬೂದಾಣಿ ಖಿಚಡಿ. ಉಪವಾಸದ ಪವಿತ್ರ ಆಹಾರ. ಅದರೊಳಗೆ ಏನೇನಿದೆ? ನಮ್ಮಲ್ಲಿ ಸಾಬೂದಾಣಿ ತಯಾರಾಗುವುದು ಮರಗೆಣಸಿನ ಹಿಟ್ಟಿನಿಂದ. ಮರಗೆಣಸು ದಕ್ಷಿಣ ಅಮೆರಿಕದ ಗಿಡ. ಶೇಂಗಾ, ಅದೂ ಅಲ್ಲಿಯದೇ. ಬಟಾಟೆ, ಅದೂ. ಹಸಿಮೆಣಸಿನಕಾಯಿ, ಅದೂ ಅಮೆರಿಕ ಖಂಡದ್ದೇ. ತುಪ್ಪ, ಜೀರಿಗೆ, ಉಪ್ಪು ಬಿಟ್ಟರೆ ಇಡೀ ತಟ್ಟೆ ಹಡಗಿನಲ್ಲಿ ಬಂದದ್ದು. ಕೊಲಂಬಸ್ ಅತ್ತ ಹೋದದ್ದು 1492ರಲ್ಲಿ, ವಾಸ್ಕೋ ಡ ಗಾಮ ಇತ್ತ ಬಂದದ್ದು 1498ರಲ್ಲಿ. ಅದಕ್ಕೆ ಮೊದಲು ಈ ಖಿಚಡಿ ಯಾವ ಅಡುಗೆಮನೆಯಲ್ಲೂ ಆಗುವ ಹಾಗಿರಲಿಲ್ಲ. ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮ ತಾಯಿ, “ಅಂದ್ರ ನಾ ಇಷ್ಟು ವರ್ಷ ಮಾಡಿದ ಉಪವಾಸ ಎಲ್ಲಾ ಹೋತೇನೊ?” ಎಂದರು. ಹೋಗುವುದಿಲ್ಲ, ಇರಲಿ.

ಇದಕ್ಕೆ ಸಾಕ್ಷಿ ಏನು? ನಮ್ಮ ಪದಗಳೇ ಸಾಕ್ಷಿ. ಮೆಣಸಿನಕಾಯಿ ಎಂಬ ಮಾತನ್ನೇ ಬಿಡಿಸಿ ನೋಡಿ: ಮೆಣಸಿನ ಕಾಯಿ. ಮೆಣಸು ಎಂದರೆ ಮೊದಲು ಕಾಳುಮೆಣಸೇ. ಖಾರಕ್ಕೆ ಅದೊಂದೇ ದೊರೆ. ಹೊಸದಾಗಿ ಬಂದ ಉದ್ದನೆಯ ಕಾಯಿಗೂ ಅದೇ ಹೆಸರು ಅಂಟಿಕೊಂಡಿತು. ಕೊನೆಗೆ ಬಂದವನು ಮನೆ ಯಜಮಾನನಾದ. ಹಳಬನನ್ನು ಗುರುತಿಸಲು ‘ಕಾಳು’, ‘ಕರಿ’ ಎಂದು ಮುಂದೆ ಏನಾದರೂ ಸೇರಿಸಬೇಕಾಯಿತು. ದಕ್ಷಿಣ ಕನ್ನಡದವರು ಕಾಳುಮೆಣಸಿಗೆ ಇಂದಿಗೂ ‘ಒಳ್ಳೆಮೆಣಸು’ ಎನ್ನುತ್ತಾರೆ, ತುಳುವಿನಲ್ಲಿ ‘ಎಡ್ಡೆ ಮುಂಚಿ’. ಒಳ್ಳೆಯದು ಒಂದಿದೆ ಎಂದರೆ ಪಕ್ಕದಲ್ಲಿ ಅಷ್ಟು ಒಳ್ಳೆಯದಲ್ಲದ್ದು ಬಂದು ಕೂತಿರಬೇಕು ತಾನೆ! ಕೊಲಂಬಸನ ಕಡೆಯವರೂ ಹೀಗೆಯೇ ಮಾಡಿದರು. ಅವರು ಹುಡುಕಹೊರಟದ್ದು ಕಾಳುಮೆಣಸನ್ನು, ಸಿಕ್ಕಿದ್ದು ಮೆಣಸಿನಕಾಯಿ. ಸ್ಪೇನಿನ ಭಾಷೆಯಲ್ಲಿ ಮೆಣಸು ‘ಪಿಮಿಯೆಂಟ’, ಕಾಯಿ ‘ಪಿಮಿಯೆಂಟೊ’. ಭೂಮಿಯ ಎರಡು ಕಡೆ, ಒಬ್ಬರನ್ನೊಬ್ಬರು ಕೇಳದೆ, ಒಂದೇ ಉಪಾಯ. ಬ್ಯಾಡಗಿಯ ಕೆಂಪು ರಾಶಿಯ ಮುಂದೆ ನಿಂತವರಿಗೆ ಇದು ಐದು ಶತಮಾನಗಳೊಳಗಿನ ಸಂಗತಿ ಎಂದು ನಂಬುವುದು ಕಷ್ಟ.

ಮಾತಿನಲ್ಲೂ ಅಷ್ಟೇ. ಒಂದನೆಯ ತಾರೀಕು ನಿಮ್ಮ ತಂದೆಯವರು ತರುವ ಪಗಾರ, ಬಾಗಿಲ ಚಾವಿ, ಬಚ್ಚಲಿನ ಬಾಲ್ದಿ, ನೀವು ಇದನ್ನಿಟ್ಟು ಓದುತ್ತಿರುವ ಮೇಜು, ಇವೆಲ್ಲ ಪೋರ್ತುಗೀಜರ ಮಾತುಗಳು. ‘ಬಟಾಟೆ’ ಸಹ ಅವರ ಬಾಯಿಂದಲೇ ಬಂತು, ಅದಕ್ಕೂ ಮೊದಲು ಅದು ಕೆರಿಬಿಯನ್ ದ್ವೀಪದವರು ಸಿಹಿಗೆಣಸಿಗೆ ಹೇಳುತ್ತಿದ್ದ ಹೆಸರು. ಬೆಂಗಳೂರು ಕಡೆಯ ನೆಂಟರು ನಿಮ್ಮ ಬಟಾಟೆ, ಪಗಾರ, ಚಾವಿಗಳನ್ನು ಕೇಳಿ ‘ಇದೇನು ಮರಾಠಿ ಕನ್ನಡ’ ಎಂದು ನಕ್ಕರೆ, ಅಲ್ಲ, ಇದು ಲಿಸ್ಬನ್ನಿನ ಕನ್ನಡ ಎಂದು ಹೇಳಿ.

ಆದರೆ ಕಣ್ಣಿಗೆ ಕಂಡದ್ದೆಲ್ಲ ಸಾಕ್ಷಿಯಾಗುವುದಿಲ್ಲ, ಇದಕ್ಕೂ ನಮ್ಮ ಕಡೆಯದೇ ಉದಾಹರಣೆ ಇದೆ. ಮೈಸೂರಿನ ಹತ್ತಿರದ ಸೋಮನಾಥಪುರ, ಹೊಯ್ಸಳರ 13ನೆಯ ಶತಮಾನದ ಕೇಶವ ದೇವಾಲಯ. ಅಲ್ಲಿಯ ಕೆಲವು ಶಿಲ್ಪಗಳು ಕೈಯಲ್ಲಿ ಒಂದು ತೆನೆಯಂಥ ವಸ್ತುವನ್ನು ಹಿಡಿದಿವೆ. ಸಾಲುಸಾಲಾಗಿ ಕಾಳುಗಳು. ನೋಡಿದರೆ ಮಳೆಗಾಲದಲ್ಲಿ ಚೌಪಾಟಿಯಲ್ಲಿ ಸುಟ್ಟುಕೊಡುವ ಭುಟ್ಟಾವೇ! ಮೆಕ್ಕೆಜೋಳವೂ ಅಮೆರಿಕ ಖಂಡದ ಬೆಳೆಯೇ. ಹಾಗಾದರೆ ಕೊಲಂಬಸನಿಗಿಂತ ಇನ್ನೂರು ವರ್ಷ ಮೊದಲೇ ಅದು ಹೊಯ್ಸಳ ಶಿಲ್ಪಿಯ ಎದುರಿಗೆ ಹೇಗೆ ಬಂತು? 1989ರಲ್ಲಿ ಜೋಹಾನೆಸ್ಸೆನ್ ಮತ್ತು ಪಾರ್ಕರ್ ಎಂಬ ಅಮೆರಿಕದ ಸಂಶೋಧಕರು ಇವು ಮೆಕ್ಕೆಜೋಳವೇ ಎಂದು ಬರೆದರು. ಸುದ್ದಿ ಹಬ್ಬಿತು. 1993ರಲ್ಲಿ ನಮ್ಮ ದೇಶದ ಮೆಕ್ಕೆಜೋಳ ತಜ್ಞರಾದ ಪಾಯಕ್ ಮತ್ತು ಸಚನ್, ಇದು ಅದಲ್ಲ ಎಂದು ಉತ್ತರ ಕೊಟ್ಟರು. ಅದು ‘ಮುಕ್ತಾಫಲ’, ಮುತ್ತುಗಳನ್ನು ಪೋಣಿಸಿ ಮಾಡಿದಂತೆ ಕಲ್ಪಿಸಿದ ಹಣ್ಣು ಎಂಬ ವಿವರಣೆಯೂ ಬಂತು. ಹೆಚ್ಚಿನ ವಿದ್ವಾಂಸರು ಜೋಳದ ವಾದವನ್ನು ಒಪ್ಪಿಲ್ಲ. ಹೊಯ್ಸಳ ಶಿಲ್ಪಿ ಮುತ್ತಿನ ಸರವನ್ನು ಎಲ್ಲೆಲ್ಲಿ ಕೆತ್ತುವುದಿಲ್ಲ ಹೇಳಿ! ಕಿರೀಟ, ಕಟಿ, ಕಾಲು, ಎಲ್ಲ ಕಡೆ ಮುತ್ತು. ನನ್ನ ಮತವೂ ಮುಕ್ತಾಫಲದ ಕಡೆಗೇ. ನಾನು ಫಲಕದಲ್ಲಿ ಬರೆಯುವ ಕಾಲದಲ್ಲಾಗಿದ್ದರೆ, ಮೊದಲ ಅರ್ಧ ಮಾತ್ರ ಬರೆದು ಆಶ್ಚರ್ಯಚಿಹ್ನೆ ಹಾಕಿಬಿಡುತ್ತಿದ್ದೆ.

ಈಗ ವಿಜಯದುರ್ಗಕ್ಕೆ ವಾಪಸು. ಇದು ಮೂರನೆಯ ಜಾತಿ. ನಾವು ಲೆಕ್ಕ ಹಾಕಲಾರೆವು, ಪದವೂ ಸಾಕ್ಷಿ ಹೇಳದು. ಅಂದು ಅಲ್ಲಿದ್ದವರು ಬರೆದಿಟ್ಟದ್ದನ್ನೇ ಹುಡುಕಬೇಕು. ಆ ಹುಡುಗ, ನಾನು ಮೂರು ಶನಿವಾರ ಗ್ರಂಥಾಲಯದಲ್ಲಿ ಕೂತೆವು. ಸಿಕ್ಕಿದ ಕತೆ ನಾನು ಬರೆದದ್ದಕ್ಕಿಂತ ಎಷ್ಟೋ ಸೊಗಸಾಗಿತ್ತು.

1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ನೆರಳು ಅರಬ್ಬಿ ಸಮುದ್ರ ದಾಟಿ ನಮ್ಮ ಪಶ್ಚಿಮ ಕರಾವಳಿಗೆ ಬಂದು, ಬಿಜಾಪುರದ ಸೀಮೆಯನ್ನು ಹಾದು, ಆಂಧ್ರದ ಕರಾವಳಿಯಲ್ಲಿ ಇಳಿದು ಸಯಾಮಿನ ಕಡೆ ಹೋಯಿತು. ಸೂರ್ಯನ ಬೆಳಕನ್ನು ಬಣ್ಣಬಣ್ಣದ ಗೆರೆಗಳಾಗಿ ಒಡೆದು ನೋಡುವ ರೋಹಿತದರ್ಶಕ ಎಂಬ ಉಪಕರಣ ಆಗ ಹೊಸದು. ಒಂದೊಂದು ಧಾತುವಿಗೂ ಒಂದೊಂದು ಗೆರೆಯ ಗುರುತು. ಗ್ಯಾಸಿನ ಮೇಲೆ ಬೇಳೆ ಉಕ್ಕಿ ಚೆಲ್ಲಿದಾಗ ನೀಲಿ ಉರಿ ಹಳದಿಯಾಗುತ್ತದಲ್ಲ, ಅದು ಉಪ್ಪಿನೊಳಗಿನ ಸೋಡಿಯಂನ ಗುರುತು. ಅದೇ ತತ್ವ. ಗ್ರಹಣದ ಹೊತ್ತಿಗೆ ಸೂರ್ಯನ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳು ಏನೆಂದು ತಿಳಿಯಲು ಉಪಕರಣ ಹಿಡಿದು ಜನ ಭಾರತಕ್ಕೆ ಬಂದರು. ಫ್ರಾನ್ಸಿನ ಜಾನ್ಸನ್ ಗುಂಟೂರಿನಲ್ಲಿ ಕೂತ. ಮತ್ತೊಬ್ಬ ಎಲ್ಲಿ ಕೂತ ಗೊತ್ತೆ? ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ನಮ್ಮ ಜಮಖಂಡಿಯಲ್ಲಿ! ಆಗ ಅದು ಪಟವರ್ಧನರ ಸಂಸ್ಥಾನ. ಅಲ್ಲಿಗೆ ಬಂದವನು ಸರ್ವೇ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು 1781ರಲ್ಲಿ ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ.

ಆಗಸ್ಟ್ ತಿಂಗಳು, ಮಳೆಗಾಲ. ಮೋಡದ ಕಾಟ. ಆದರೂ ಹರ್ಷೆಲನಿಗೆ ಜ್ವಾಲೆಯ ಬೆಳಕಿನಲ್ಲಿ ಮೂರು ಗೆರೆ ಸಿಕ್ಕವು: ಕೆಂಪು, ಕಿತ್ತಳೆ, ನೀಲಿ. ಆ ಕಿತ್ತಳೆ ಗೆರೆ ಸೋಡಿಯಂನದೇ ಎಂದು ಅವನು ಎಣಿಸಿದ. ಅದು ಸೋಡಿಯಂ ಅಲ್ಲ, ಅದೇ ಹೀಲಿಯಂ! ಜಮಖಂಡಿಯಲ್ಲಿ ಕೂತು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲದ ಒಂದು ಧಾತುವಿನ ಬೆಳಕನ್ನು ನೋಡಿದ, ಗೊತ್ತಿರುವುದರ ಹೆಸರು ಬರೆದುಕೊಂಡ. ಅವನೊಬ್ಬನೇ ಅಲ್ಲ, ಅಂದು ನೋಡಿದವರಲ್ಲಿ ಯಾರೂ ಹೊಸ ಧಾತು ಎಂದು ಹೇಳಲಿಲ್ಲ. ಗುಂಟೂರಿನ ಜಾನ್ಸನ್ ಮಾಡಿದ ಉಪಕಾರ ಬೇರೆ. ಗೆರೆಗಳು ಇಷ್ಟು ಪ್ರಖರವಾಗಿದ್ದರೆ ಗ್ರಹಣ ಇಲ್ಲದಾಗಲೂ ಕಾಣಬೇಕಲ್ಲ ಎಂದು ಅವನಿಗೆ ಹೊಳೆಯಿತು. ಮಾರನೆಯ ದಿನವೇ ಬರಿಯ ಹಗಲಿನಲ್ಲಿ ನೋಡಿ ತೋರಿಸಿದ.

ಹಾಗಾದರೆ ನಮ್ಮ ಲಾಕಿಯರ್? ಆತ ಲಂಡನ್ನಿನಲ್ಲೇ ಇದ್ದ. ಯುದ್ಧ ಇಲಾಖೆಯ ಕಚೇರಿಯಲ್ಲಿ ಗುಮಾಸ್ತ, ರಜೆಯ ಹೊತ್ತಿನ ಖಗೋಳವಿಜ್ಞಾನಿ. ಗ್ರಹಣ ನೋಡಲಿಲ್ಲ. ಅಕ್ಟೋಬರ್ 20ರಂದು ಹೊಸ ಉಪಕರಣ ಹಿಡಿದು, ಗ್ರಹಣವಿಲ್ಲದೆಯೇ, ಅದೇ ಜ್ವಾಲೆಗಳನ್ನು ಕಂಡ. ಜಾನ್ಸನ್‌ನ ಸುದ್ದಿ ಅವನಿಗೆ ಇನ್ನೂ ತಲುಪಿರಲಿಲ್ಲ. ಇಬ್ಬರ ಪತ್ರಗಳೂ ಪ್ಯಾರಿಸ್ಸಿನ ಅಕಾಡೆಮಿಯ ಮುಂದೆ ಒಂದೇ ದಿನ ಬಂದವು. ಫ್ರೆಂಚ್ ಸರಕಾರ ಇಬ್ಬರ ಮುಖವನ್ನೂ ಒಂದೇ ಪದಕದ ಮೇಲೆ ಅಚ್ಚು ಹಾಕಿಸಿತು. ಹಳದಿ ಗೆರೆ ಸೋಡಿಯಂನ ಜಾಗದಲ್ಲಿಲ್ಲ, ಸ್ವಲ್ಪ ಸರಿದಿದೆ ಎಂದು ಅಳೆದು, ಇದು ಬೇರೆಯೇ ಒಂದು ಧಾತು ಎಂಬ ನಿಲುವಿಗೆ ಬಂದು, ಗ್ರೀಕರ ಸೂರ್ಯ ‘ಹೀಲಿಯೊಸ್’ ಹೆಸರನ್ನು ಅದಕ್ಕೆ ಇಟ್ಟದ್ದು ಲಾಕಿಯರನ ಪಾಲು. ಬಹಳ ಮಂದಿ ನಂಬಲಿಲ್ಲ. 27 ವರ್ಷದ ಮೇಲೆ, 1895ರಲ್ಲಿ, ರಾಮ್ಸೆ ಒಂದು ಯುರೇನಿಯಂ ಖನಿಜದಿಂದ ಬಂದ ಅನಿಲದಲ್ಲಿ ಅದೇ ಗೆರೆಯನ್ನು ಕಂಡ. ಸೂರ್ಯನಲ್ಲಿ ಸಿಕ್ಕಿದ ವಸ್ತು ಕೊನೆಗೆ ಭೂಮಿಯಲ್ಲೂ ಸಿಕ್ಕಿತು.

ಇದೇ ಗ್ರಹಣವನ್ನು ತಾನೇ ಗಣಿತ ಮಾಡಿ ಮೊದಲೇ ಹೇಳಿದ್ದ ಇನ್ನೊಬ್ಬನಿದ್ದ, ಸಯಾಮಿನ ದೊರೆ ಮೊಂಗ್‌ಕುಟ್. ನೋಡಲು ಅತಿಥಿಗಳನ್ನು ಕರೆದುಕೊಂಡು ಜೌಗುನೆಲದ ತೀರಕ್ಕೆ ಹೋದ. ಲೆಕ್ಕ ಸರಿಯಾಯಿತು. ಅಲ್ಲಿ ಮಲೇರಿಯಾ ತಗಲಿ ಅಕ್ಟೋಬರ್ 1ರಂದು ತೀರಿಕೊಂಡ.

ಮತ್ತೆ ವಿಜಯದುರ್ಗದ ಮಾತು ಪೂರ್ತಿ ಸುಳ್ಳೆ? ಅಲ್ಲ, ಅದೇ ಇದರ ಸೊಗಸು. ಲಾಕಿಯರ್ ವಿಜಯದುರ್ಗಕ್ಕೆ ನಿಜವಾಗಿಯೂ ಬಂದಿದ್ದ, ಗ್ರಹಣ ನೋಡಲೆಂದೇ ಬಂದಿದ್ದ, ಕೋಟೆಯಲ್ಲೇ ಉಪಕರಣ ಹೂಡಿದ್ದ. ಆದರೆ ಅದು 1898ರ ಜನವರಿ 22ರ ಗ್ರಹಣ. ಮೂವತ್ತು ವರ್ಷ ತಡ. ಅಷ್ಟರಲ್ಲಿ ಹೀಲಿಯಂ ಭೂಮಿಯ ಮೇಲೂ ಸಿಕ್ಕಿ ಮೂರು ವರ್ಷವಾಗಿತ್ತು. ಮನುಷ್ಯ ಸರಿ, ಜಾಗ ಸರಿ, ಸೂರ್ಯಗ್ರಹಣ ಸರಿ, ಇಸವಿ ಮಾತ್ರ ಬೇರೆ. ಎರಡು ಗ್ರಹಣಗಳನ್ನು ಯಾರೋ ಹೊಲಿದು ಒಂದು ಮಾಡಿದರು. ‘ಸಾಹೇಬರ ಕಟ್ಟೆ’ ಎಂದು ಕೋಟೆಯಲ್ಲಿ ಜಾಗ ತೋರಿಸುವಾಗ ಇಸವಿ ಕೇಳುವ ವ್ಯವಧಾನ ಯಾರಿಗಿರುತ್ತದೆ? ನನಗಂತೂ ಇರಲಿಲ್ಲ. ಪೂರಾ ಸುಳ್ಳಾಗಿದ್ದರೆ ನಾನು ಅನುಮಾನ ಪಡುತ್ತಿದ್ದೆನೇನೋ. ಮುಕ್ಕಾಲು ನಿಜವೇ ನನ್ನನ್ನು ಕೆಡವಿದ್ದು.

ಮೂರನೆಯ ಶನಿವಾರ ಪುಸ್ತಕ ಮುಚ್ಚುವಾಗ ಹುಡುಗ ಹೇಳಿದ: “ಸರ್, ಜಮಖಂಡಿ ಅಂತ ಬರ್ದಿದ್ರ ಕಪ್ಪ್ ಸಿಗ್ತಿರ್ಲಿಲ್ಲ. ಆದ್ರೂ ಬೋರ್ಡಿಗೆ ಭಾಳ ಛಲೋ ಇತ್ತು.”

ಆ ಮೂಲೆಯನ್ನು ಈಗ ಅವನೇ ನೋಡಿಕೊಳ್ಳುತ್ತಾನೆ. ಒಂದು ನಿಯಮ ಮಾಡಿದ್ದಾನೆ: ಸಂಗತಿಯ ಕೆಳಗೆ ಇನ್ನೊಂದು ಸಾಲು ಇರಲೇಬೇಕು, ಯಾರು ಕಂಡರು, ಯಾವಾಗ, ಎಲ್ಲಿಂದ, ಇಲ್ಲವೇ ನೀವೇ ಹೇಗೆ ಪರೀಕ್ಷಿಸಿದಿರಿ. ಎರಡನೆಯ ಸಾಲು ಇಲ್ಲದ ಚೀಟಿಯನ್ನು ನನ್ನದಾದರೂ ವಾಪಸು ಕೊಡುತ್ತಾನೆ. ಹೋದ ವಾರ ನಾನು ಕೊಟ್ಟದ್ದು ಹೀಗಿತ್ತು: ಶುಕ್ರಗ್ರಹ ಸೂರ್ಯನನ್ನು ಒಂದು ಸುತ್ತು ಬರಲು 225 ದಿನ, ತನ್ನ ಸುತ್ತ ತಾನು ತಿರುಗಲು 243 ದಿನ, ವರ್ಷಕ್ಕಿಂತ ಒಂದು ಬುಗುರಿಸುತ್ತೇ ದೊಡ್ಡದು. ಅವನು ಓದಿ, ಶುಕ್ರನ ಮೇಲೆ ಸದಾ ಮೋಡ ಮುಚ್ಚಿರುತ್ತದಲ್ಲ ಸರ್, ತಿರುಗೋದನ್ನ ನೋಡಿದವರು ಯಾರು ಎಂದು ಕೇಳಿದ. ಮತ್ತೆ ಪುಸ್ತಕ ತೆಗೆಯಬೇಕಾಯಿತು. 1960ರ ದಶಕದ ಮೊದಲಲ್ಲಿ ಭೂಮಿಯಿಂದ ರೇಡಾರ್ ಅಲೆಗಳನ್ನು ಕಳಿಸಿ, ಮೋಡ ತೂರಿ ನೆಲಕ್ಕೆ ತಾಗಿ ಮರಳಿದ್ದನ್ನು ಅಳೆದು ತಿಳಿದದ್ದು. ಬೇರೆ ಹೆಚ್ಚಿನ ಗ್ರಹಗಳಿಗೆ ವಿರುದ್ಧವಾಗಿ ತಿರುಗುತ್ತದೆ ಎಂಬುದೂ ಆಗಲೇ ಗೊತ್ತಾಯಿತು. ಎರಡನೆಯ ಸಾಲು ಬರೆದು ಕೊಟ್ಟ ಮೇಲೆ ಚೀಟಿ ಹಲಗೆ ಏರಿತು.

ನಿಮ್ಮ ಚೀಟಿಗಳನ್ನು ಗ್ರಂಥಾಲಯದ ಬಾಗಿಲ ಬಳಿಯ ಬಿಸ್ಕೀಟು ಡಬ್ಬಿಯಲ್ಲಿ ಶುಕ್ರವಾರದೊಳಗೆ ಹಾಕಿ. ಚೀನಾದ ಗೋಡೆ ಈಗಾಗಲೇ ನಾಲ್ಕು ಬಂದಿವೆ, ದಯವಿಟ್ಟು ಐದನೆಯದು ಬೇಡ.